ವಾಡೇದ ಜಾಲಂದ್ರ

ಹಾವೇರಿ, ಸೋಮವಾರ

ಸುಮಂಗಲಕ್ಕಾರಿಗೆ ನಮಸ್ಕಾರ.

ಅತ್ತಿ ಅಂತ ಬರಿಯಾಕ ಹೋದೆ, ಕೈ ತಡೀತು. ಫೋನ್ ಮಾಡಿದ್ರ ನಿಮ್ಮ ಯಜಮಾನ್ರ ಎತ್ತತಾರ. ಅದಕ್ಕ ನಿಶ್ಚಯದ ಸೀರಿಗೆ ಕುಬಸ ಹೊಲಿಸಾಕ ನೀವು ಕೇಳಿದ ಅಳತಿ ಕುಬಸದಾಗ ಈ ಪತ್ರ ಇಟ್ಟೇನಿ.

ನಿನ್ನೆ ಎರಡೂ ಮನಿಯವ್ರು ಕೂಡಿ ದೇಸಾಯರ ವಾಡೇ ನೋಡಾಕ ಹೋದ್ವಲ್ಲ. ತೋಟ ಖರೇನ ಚಂದಿತ್ತು. ದೇಸಾಯರು ಹೆಂಡತಿ ಸಲುವಾಗಿ ಹಚ್ಚಿಸಿದ ತೋಟ, ಆಕಿ ಸಾಯೂತನಾ ಅಟ್ಟದ ಮ್ಯಾಲಿನ ಈ ಜಾಲಂದ್ರದ ಕಿಂಡಿಯಿಂದನ ನೋಡಿದ್ಲು, ಒಂದಿನಾನೂ ಕೆಳಗ ಇಳೀಲಿಲ್ಲ ಅಂತ ಗೈಡ್ ಹೇಳಿದ. "ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ" ಅಂತ ಯಜಮಾನ್ರು ನಕ್ಕರು. ನಿಮ್ಮ ಮಗಾ ವೀರೇಶ ಅವರೂ ನಕ್ಕರು. ನಮ್ಮಪ್ಪನೂ ನಕ್ಕ.

ಬ್ಯಾಡಗ್ಯಾಗ ಮೆಣಸಿನಕಾಯಿ ಬಣ್ಣ ತಪಾಸ ಮಾಡೋ ಲ್ಯಾಬಿನ್ಯಾಗ ನಂದು ನೌಕರಿ ಐತಿ. ಲಗ್ನ ಆದಮ್ಯಾಲೂ ನಿಮ್ಮ ರಾಣೇಬೆನ್ನೂರಿಂದ ದಿನಾ ಬಸ್ಸಿಗೆ ಹೋಗಿಬರಾಕಿ ನಾನು. ನಿಮ್ಮ ಮನ್ಯಾಗ ಇದು ನಡೀತೈತೇನ್ರಿ?

ನಿಮ್ಮನ್ನ ಯಾಕ ಕೇಳಾಕತ್ತೇನಂದ್ರ, ಎಲ್ಲಾರೂ ಇಳದು ಹೋದಮ್ಯಾಲ ನೀವೊಬ್ಬರ ಜಾಲಂದ್ರದಾಗ ಕೈ ಹೊರಗ ಚಾಚಿ ನಿಂತಿದ್ರಿ. ಕೆಳಗಿಂದ ಯಜಮಾನ್ರು ಕರದ ಕೂಡ್ಲೆ ಗಡಬಡಿಸಿ ಕೈ ಎಳಕೊಂಡ್ರಿ, ಜಾಲಂದ್ರಕ್ಕ ಬಡದು ಹಸರ ಬಳಿ ಚೂರಾತು. ಬಾಗಲಾ ಬಡೀತು ಅಂತ ಅವರಿಗೆ ಹೇಳಿದ್ರಿ. ಹಿಂದ ನಾನಿದ್ದೆ. ಚೂರು ಆರಿಸ್ಕೊಂಡೆ, ಯಾರಿಗೂ ಹೇಳಿಲ್ಲ.

ನಡೀತೈತಿ ಅಂದ್ರ ಕುಬಸ ಹೊಲಿಯಾಕ ಕೊಡ್ರಿ. ಇಲ್ಲಂದ್ರ ಅಳತಿ ಕುಬಸ ಹೊಳ್ಳಿ ಕಳಸ್ರಿ, ಈ ಲಗ್ನ ಬ್ಯಾಡಂತ ಅಪ್ಪಗ ನಾನ ಹೇಳತೇನಿ.

ಯಾವುದಾದ್ರೂ ನೀವ ಮಾಡ್ರಿ. ಅವರನ್ನ ಕೇಳಬ್ಯಾಡ್ರಿ.

ಇಂತಿ,
ದಾಕ್ಷಾಯಣಿ