ಸಂದರ್ಶನಕ್ಕೆ ಇಡ್ಲಿ ಡಬ್ಬಿ ಬೇಡ

ರೀ,

ಘಾಜಿಯಾಬಾದಿಗೆ ಹೊರಟೆ. ಮಗಳು ಜ್ಯೋತ್ಸ್ನಾ ಫೋನ್ ಮಾಡಿದ್ದಳು, ಮಗುವಿಗೆ ಜ್ವರವಂತೆ. ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಊಟ ಮಾಡಿ.

ಮಧ್ಯಾಹ್ನ ಥಾಯ್ಲೆಂಡ್ ವೀಸಾದ ಸಂದರ್ಶನಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ. ಪಾಸ್‌ಪೋರ್ಟ್, ಬ್ಯಾಂಕಿನ ಕಾಗದ ನೀಲಿ ಚೀಲದಲ್ಲಿವೆ. "ಅಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದರೆ "ವಿಶ್ರಾಂತಿ" ಎನ್ನಿ, ಅಷ್ಟೇ. ಮೊನ್ನೆ ಏಜೆಂಟ್ ಕೇಳಿದಾಗ "ಬೀಚಿನ ಹತ್ತಿರ ಸಣ್ಣದೊಂದು ಇಡ್ಲಿ ಹೋಟೆಲ್ ಹಾಕ್ತೇನೆ ಭಯ್ಯಾ" ಎಂದಿರಲ್ಲ, ಅವನು ತಲೆ ಚಚ್ಚಿಕೊಂಡ. ನಿವೃತ್ತರ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಅಧಿಕಾರಿಗಳಿಗೆ ರುಚಿ ತೋರಿಸಲು ಡಬ್ಬಿಯನ್ನೂ ಒಯ್ಯಬೇಡಿ.

ಇನ್ನೊಂದು ಮಾತು. ಲಕ್ಷ್ಮೀ ನಗರದ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೂ ನೀವು ದಿನಾ ಹೋಗಿ ಹಿಟ್ಟು ಮುಟ್ಟಿ ನೋಡುತ್ತೀರಿ. ಸುಕೇಶ ಬೈದರೂ ಬಿಡುವುದಿಲ್ಲ. ಕೈ ಕಟ್ಟಿ ಕೂರಲು ನಿಮ್ಮಿಂದ ನಿಜವಾಗಿಯೂ ಆಗದಿದ್ದರೆ ಅಲ್ಲಿ ಸುಳ್ಳು ಹೇಳಬೇಡಿ, ಸಂದರ್ಶನಕ್ಕೇ ಹೋಗಬೇಡಿ. ಸಂಜೆ ಬಂದು ನಾನೇನೂ ಕೇಳುವುದಿಲ್ಲ. ಸಮುದ್ರದ ಹತ್ತಿರ ಇರುವ ಆಸೆ ನನ್ನದು. ಅದಕ್ಕೆ ಆಗಾಗ ಉಡುಪಿಯ ರೈಲು ಹತ್ತಿದರೂ ನನಗೆ ಸಾಕು.

ನೀಲಾವತಿ