ಎರಡು ಗೆರೆ

೧೨ ಜನವರಿ ೧೯೫೮, ಬೂದಿಕೋಟೆ

ಅಂಬಲಿ ಕುಡಿದಾಯಿತು. ಮಂಡಿಗೆ ಎಣ್ಣೆ, ರೈಫಲಿಗೂ ಎಣ್ಣೆ. ಒಂದೇ ಬಟ್ಟೆ. ನನ್ನಾಕೆ ವೆಂಕಟರತ್ನ ಇದ್ದಿದ್ದರೆ ಬೈಯುತ್ತಿದ್ದಳು. ಹೋಗಿ ಮೂರು ವರ್ಷ...

ನಂದಿದುರ್ಗ ಗಣಿಯಲ್ಲಿ ಟೈಂಕೀಪರ್ ಆಗಿದ್ದಾಗಿನ ಪರಿಚಯದ ಇಂಗ್ಲಿಷ್ ದೊರೆ, ತನ್ನ ದೇಶಕ್ಕೆ ಹೊರಡುವಾಗ ಕೊಟ್ಟ ಟೆಲಿಸ್ಕೋಪ್ ಇವತ್ತು ರೈಫಲಿನ ಮೇಲೆ ಕೂತಿತು. ವರ್ಕ್‌ಶಾಪಿನ ಕುಪ್ಪುಸ್ವಾಮಿ ಅದನ್ನು ಕೂರಿಸಲು ಹಿಡಿ ಮಾಡಿಕೊಟ್ಟ. ಗೇಣುದ್ದ. ಎರಡೂವರೆ ಪಟ್ಟು ಮಾತ್ರ ದೊಡ್ಡದಾಗಿ ತೋರಿಸುತ್ತದೆ. ನರಿಗೆ ಸಾಕು. ಬರಿಗಣ್ಣಿಗೆ ನಳಿಗೆಯ ತುದಿಯೇ ಮಂಜು. ಇದರಲ್ಲಿ ಎಲ್ಲ ನಿಚ್ಚಳ. ಮುಂದೆ ಹಿಂದೆ ಚರ್ಮದ ಮುಚ್ಚಳ.

೧೬ ಜನವರಿ

ಪಕ್ಕದ ಮನೆಯ ಕದಿರಮ್ಮ ಬಂದಿದ್ದಳು. ನರಿ ಅವಳ ಮೂರನೆಯ ಮೇಕೆಮರಿಯನ್ನೂ ಹೊತ್ತೊಯ್ದಿದೆ.

‘ಅಮ್ಮೋರು ಇದ್ದಿದ್ರೆ ಇಷ್ಟೊತ್ಗೆ ನಿನ್ನ ಎಬ್ಬಿಸಿ ಕಳ್ಸೋರು ಸಾಮಿ.’

ಟೆಲಿಸ್ಕೋಪ್ ತೋರಿಸಿದೆ. ಕೆಟ್ಟ ಕಣ್ಣಿಗೂ ಕಾಣುತ್ತದೆ, ಒಳಗೆ ಎರಡು ಗೆರೆ, ಒಂದು ಉದ್ದ, ಒಂದು ಅಡ್ಡ, ಕೂಡುವಲ್ಲಿ ನರಿ ಬರಬೇಕು ಎಂದೆ.

‘ಅದೇನ್ ನಿನ್ನ ಗೆರೆ ಹುಡುಕ್ಕೊಂಡು ಬತ್ತೈತಾ?’ ನಕ್ಕಳು. ನೋಡು ಎಂದರೆ ಒಲ್ಲೆ ಎಂದಳು. ಕೋವಿ ಮುಟ್ಟುವುದಿಲ್ಲವಂತೆ.

೨೧ ಜನವರಿ

ಬರೆಯಲೇಬೇಕು.

ಬೆಳಿಗ್ಗೆ ಏಳು. ಬಂಡೆಯ ಮೇಲೆ ರೈಫಲ್ ಊರಿದ್ದೆ. ನರಿ ಬಂತು. ಐವತ್ತು ಗಜ. ಗೆರೆ ಕೂಡುವಲ್ಲಿ ಅದರ ಭುಜ. ನಡುವೆ ಏನೂ ಅಡ್ಡವಿಲ್ಲ. ಒತ್ತಿದೆ.

ಗುಂಡು ಅದೇ ಬಂಡೆಯ ಅಂಚಿಗೆ ಬಡಿಯಿತು. ಟೆಲಿಸ್ಕೋಪ್ ಇರುವುದು ನಳಿಗೆಗಿಂತ ಎರಡು ಬೆರಳು ಮೇಲೆ. ಕಣ್ಣಿಗೆ ದಾರಿ ಇತ್ತು, ನಳಿಗೆಗೆ ಇರಲಿಲ್ಲ. ‘ಲೈನ್ ಆಫ್ ಸೈಟ್ ಈಸ್ ನಾಟ್ ದಿ ಲೈನ್ ಆಫ್...’ ಕಾಲೇಜಿನ ಫಿಸಿಕ್ಸ್. ಕೊನೆಯ ಪದ ಮರೆತಿದೆ.

ಕಲ್ಲಿನ ಚೂರು ಸಿಡಿಯಿತು. ಎಡಗಡೆ, ಮೇಕೆ ಕೂಗದಂತೆ ಅದರ ಬಾಯಿ ಅದುಮಿಕೊಂಡು ಕದಿರಮ್ಮ ಕೂತಿದ್ದಳು. ಆ ಜಾಗ ತೋರಿಸಿದವನು ನಾನೇ.

ಅವಳ ಬಲಗಣ್ಣು.

೨೪ ಜನವರಿ

ಆಸ್ಪತ್ರೆ. ಕಣ್ಣಿಗೆ ಕಟ್ಟು. ಬಿಚ್ಚುವವರೆಗೆ ಏನೂ ಹೇಳಲಾರೆ ಎಂದರು ಡಾಕ್ಟರು. ಕಲ್ಲು ಒಡೆಯುವಾಗ ತಗುಲಿತು ಎಂದಿದ್ದಾಳೆ ಅವರಿಗೆ. ನನ್ನ ಹೆಸರು ಎತ್ತಿಲ್ಲ.

‘ನರಿ ಬಿತ್ತಾ ಸಾಮಿ?’

ಇಲ್ಲ ಎಂದೆ.

‘ಓಗ್ಲಿ ಬಿಡು. ಕಟ್ಟು ಬಿಚ್ಚಿದ್ ದಿನ ಆ ಕೊಳವೆ ತಾ. ಕೆಟ್ಟ ಕಣ್ಗೂ ಕಾಣ್ತೈತೆ ಅಂದ್ಯಲ್ಲ, ನಂಗೂ ಕಾಣ್ಲಿ.’

೯ ಫೆಬ್ರವರಿ, ಸಂಜೆ

ಹದಿನೈದು ದಿನ ಪೆನ್ನು ಹಿಡಿಯಲಾಗಲಿಲ್ಲ.

ಟೆಲಿಸ್ಕೋಪ್ ಬಿಚ್ಚಿ, ಟವಲಿನಲ್ಲಿ ಸುತ್ತಿ, ಬೆಳಗಿನ ಬಸ್ಸಿಗೆ ಹೋದೆ. ಕಟ್ಟು ಬಿಚ್ಚಿದ್ದರು. ಕಣ್ಣು ಕೆಂಪು, ಮೇಲೆ ಹಾಲಿನಂಥ ಪೊರೆ. ಹಿಂದಿನ ಮುಚ್ಚಳ ತೆಗೆದು, ಕಿಟಕಿಯ ಕಡೆ ತಿರುಗಿಸಿ ಅವಳ ಬಲಗಣ್ಣಿಗೆ ಹಿಡಿದೆ. ಎಡಗಣ್ಣನ್ನು ಅವಳೇ ಮುಚ್ಚಿಕೊಂಡಳು.

ಕೊಳವೆಗೆ ಕಣ್ಣು ಒತ್ತಿಕೊಂಡಳು.

‘ಕಾಣ್ತೈತೆ ಸಾಮಿ. ಎರಡು ಗೆರೆ. ಒಂದ್ ಉದ್ದುಕ್ಕೆ, ಒಂದ್ ಅಡ್ಡುಕ್ಕೆ. ಸಂದಾಗ್ ಕಾಣ್ತೈತೆ. ನೀನ್ಯಾಕ್ ಅಳ್ತೀಯ, ಮನೆಗೋಗಿ ಉಣ್ಣು.’

ಥ್ಯಾಂಕ್ ಗಾಡ್. ಬಸ್ಸಿನಲ್ಲಿ ಉದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ. ಅನ್ನ ಮಾಡಿಕೊಂಡೆ. ವೆಂಕಟರತ್ನಳ ಪಟಕ್ಕೂ ಹೇಳಿದೆ.

ಈಗ ಒರೆಸಿಡೋಣವೆಂದು ಟವಲು ಬಿಚ್ಚಿದೆ. ಮುಂದಿನ ಮುಚ್ಚಳ ಹಾಕಿದ ಹಾಗೇ ಇದೆ. ಆಸ್ಪತ್ರೆಯಲ್ಲಿ ತೆಗೆಯಲೇ ಇಲ್ಲ ನಾನು. ನನ್ನ ಕಣ್ಣಿಗೆ ಹಿಡಿದು ನೋಡಿದೆ. ಬರೀ ಕತ್ತಲೆ. ಗೆರೆಯೂ ಇಲ್ಲ. ಹಾಗಾದರೆ ಕದಿರಮ್ಮ ಹೇಳಿದ್ದು, ಅವತ್ತು ನಾನು ಹೇಳಿದ ಗೆರೆಯನ್ನೇ—