ತಬಿತಾಳ ಪಾಲಿನ ಬೊರ್ಸೋಕ್

ಟೋಕ್ಮೋಕ್
ಮಾರ್ಚ್ ಹನ್ನೊಂದು, ಬುಧವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ನಿಮ್ಮ ನಾರಿನ್‌ನಲ್ಲಿ ಇನ್ನೂ ಹಿಮ ಕರಗಿರಲಿಕ್ಕಿಲ್ಲ. ಕಲ್ಲಿದ್ದಲು ಉಳಿಸುತ್ತೇನೆಂದು ತಣ್ಣನೆಯ ಕೋಣೆಯಲ್ಲಿ ಕೂರಬೇಡ. ನಾವು ಚೆನ್ನಾಗಿದ್ದೇವೆ. ನಿನ್ನ ಅಳಿಯ ಮೆದೆರ್‌ಗೆ ನಮ್ಮ ಕ್ರೈಸ್ತ ಸಭೆಯ ಪಾಲಕನಾದ ಮೇಲೆ ಊಟದ ನೆನಪೇ ಇರುವುದಿಲ್ಲ, ನೆನಪಿಸಿದ್ದಕ್ಕೆ ನಾನು ಬೈಸಿಕೊಳ್ಳುತ್ತೇನೆ.

ನಾನು ಯೇಸುವನ್ನು ನಂಬಿ ಮನೆ ಬಿಟ್ಟ ದಿನ ನೀನು ಕೇಳಿದ್ದೆ, "ಸಾವಿನ ಮನೇಲಿ ಪಕ್ಕದಲ್ಲಿ ಕೂತ್ಕೊಳ್ಳೋಕೆ ಜನ ಇದಾರೇನೇ ನಿಮ್ಮೋರಲ್ಲಿ?" ನಮ್ಮಲ್ಲಿ ಯಾರನ್ನೂ ಒಂಟಿ ಬಿಡುವುದಿಲ್ಲ ಎಂದು ಜಂಬದಿಂದ ಹೇಳಿದ್ದೆ. ಆ ಮಾತು ಈಗ ನನ್ನನ್ನೇ ಚುಚ್ಚುತ್ತಿದೆ.

ನಮ್ಮ ಸಭೆಯ ಸಾಲ್ಕಿನ್ ಅಕ್ಕನ ಮಗ ನುರ್ದಿನ್ ಹೋದ ವಸಂತದಲ್ಲಿ ಲಾರಿ ಮಗುಚಿ ತೀರಿಕೊಂಡ. ಅವಳು ದಿನಾ ನನ್ನ ಬಾಗಿಲಿಗೆ ಬರುತ್ತಿದ್ದಳು. ಕೇಳುತ್ತಿದ್ದುದು ಒಂದೇ: ದೀಕ್ಷಾಸ್ನಾನ ಆಗದೆ ಹೋದ ತನ್ನ ಮಗ ಈಗ ಎಲ್ಲಿದ್ದಾನೆ? ದುಃಖದಲ್ಲಿರುವವರನ್ನು ನೋಡಿಕೊಳ್ಳುವ ಹೊಣೆ ಸಭೆಯಲ್ಲಿ ನನ್ನದೇ. ಆದರೂ ನಿಜ ಹೇಳುತ್ತೇನೆ, ಅಂಗಳದಲ್ಲಿ ಅವಳ ಬೂಟಿನ ಸದ್ದು ಕೇಳಿದರೆ ಸಾಕಪ್ಪಾ ಸಾಕು ಅನಿಸುತ್ತಿತ್ತು. ಚಳಿಗಾಲದಲ್ಲಿ ಹಿರಿಯರು ಫೋನಿಗೆ ಒಂದು ಯಂತ್ರ ತರಿಸಿದರು. ಕಷ್ಟ ಬರೆದರೆ ತಾನಾಗಿಯೇ ಸಮಾಧಾನದ ಮಾತು, ದೇವರ ವಾಕ್ಯ, ಪ್ರಾರ್ಥನೆ ಹೊಂದಿಸಿ ಬರೆದು ಕಳಿಸುತ್ತದೆ. 'ಸಹೋದರಿ ತಬಿತಾ' ಎಂದು ಹೆಸರನ್ನೂ ಇಟ್ಟರು. ಅದನ್ನು ಸಾಲ್ಕಿನ್ ಅಕ್ಕನ ಫೋನಿಗೆ ಹಾಕಿಕೊಟ್ಟು, "ಯಾವ ಹೊತ್ತಲ್ಲಾದ್ರೂ ತಬಿತಾನ ಕೇಳಕ್ಕ" ಅಂದೆ. ಯಂತ್ರ ಎನ್ನುವ ಮಾತು ಬಾಯಿಗೆ ಬರಲಿಲ್ಲ, ಅಥವಾ ನಾನೇ ತರಲಿಲ್ಲ. ಅವಳು ಬರುವುದು ನಿಂತಿತು, ನಾನು ಹಾಯಾಗಿದ್ದೆ.

ಹೋದ ಗುರುವಾರ ಬಂದಳು, ಎಣ್ಣೆಯಲ್ಲಿ ಕರಿದ ಬಿಸಿ ಬೊರ್ಸೋಕ್ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು. ತೀರಿಕೊಂಡವರಿಗೆ ಎಣ್ಣೆಯ ವಾಸನೆ ಮುಟ್ಟಲೆಂದು ನೀನು ಗುರುವಾರ ಹಿಟ್ಟು ಕರಿಯುತ್ತೀಯಲ್ಲ, ಹಾಗೆಯೇ. ನಂಬಿಕೆ ಬದಲಾದರೂ ಅವಳಿಗೆ ಬಾಣಲೆ ಬಿಡಲಾಗಿಲ್ಲ. "ಇದು ತಬಿತಾಗೆ. ಪಾಪ, ಆ ಹೆಣ್ಣು ನಿದ್ದೇನೇ ಮಾಡಲ್ಲ ಕಣೇ. ನಾನು ಯಾವಾಗ ಅತ್ರೂ ಎದ್ದು ಮಾತಾಡ್ತಾಳೆ. ಅವಳೂ ಮಗನ್ನ ಕಳ್ಕೊಂಡಿರ್ಬೇಕು" ಅಂದಳು. ಯಂತ್ರ ಬರೆದದ್ದನ್ನೂ ತೋರಿಸಿದಳು. ಅದರಲ್ಲಿ ತಪ್ಪೇನಿರಲಿಲ್ಲ, ನಾನಾಗಿದ್ದರೆ ಅಷ್ಟು ತಾಳ್ಮೆಯಿಂದ ಹೇಳುತ್ತಿರಲಿಲ್ಲ. ಆಗಲೇ ಅವಳಿಗೆ ನಿಜ ಹೇಳಬಹುದಿತ್ತು. ಹೇಳದೆ ಗಂಟು ಇಸಿದುಕೊಂಡು, ತಲುಪಿಸುತ್ತೇನೆ ಅಂದೆ. ತಿನ್ನುವುದನ್ನು ಎಸೆಯಬಾರದೆಂದು ಕಲಿಸಿದವಳು ನೀನು. ಅಡುಗೆಮನೆಯಲ್ಲಿ ನಿಂತುಕೊಂಡೇ, ಜೊತೆಗೆ ಚಹಾ ಕೂಡ ಇಲ್ಲದೆ, ಅಷ್ಟನ್ನೂ ನಾನೇ ತಿಂದೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ ಅಮ್ಮಾ. ಮೆದೆರ್‌ಗೂ ಹೇಳಿಲ್ಲ.

ನಿನ್ನ ಪ್ರಾರ್ಥನೆ, ನನ್ನ ಪ್ರಾರ್ಥನೆ ಎಂಬ ಜಗಳ ಇವತ್ತು ಬೇಡ; ನನಗಾಗಿ ಕೈಯೆತ್ತಿ ಬೇಡಿಕೋ. ಪಕ್ಕದ ಮನೆಯ ಅತ್ತೆಗೆ ಸಲಾಂ ತಿಳಿಸು.

ನಿನ್ನ ಮಗಳು,
ಐಜಿರೆಕ್

ಹೇಳುವುದೇ ಉಳಿಯಿತು: ಶನಿವಾರ ನುರ್ದಿನ್‌ನ ವರ್ಷದ ಊಟ. ತಬಿತಾಳನ್ನು ಕರೆದುಕೊಂಡೇ ಬರಬೇಕಂತೆ, ಸಾಲ್ಕಿನ್ ಅಕ್ಕ ತನ್ನ ಮಗ್ಗುಲಲ್ಲೇ ಅವಳಿಗೆ ಜಾಗ ಇಟ್ಟಿದ್ದಾಳೆ. ನಾಳೆ ಹೋಗಿ, ಅಂಥ ಹೆಂಗಸು ಇಲ್ಲ ಎಂದು ಹೇಳುತ್ತೇನೆ. ಹೇಳಿದ ಮೇಲೆ ಅವಳ ಮುಂದೆ ಹೇಗೆ ಕೂರುವುದೋ ನನಗೆ ತಿಳಿಯದು. ಈ ಕಾಗದ ತಂದ ಡ್ರೈವರ್ ಶುಕ್ರವಾರ ವಾಪಸು ಹೊರಡುತ್ತಾನೆ, ಅವನ ಗಾಡಿ ಹತ್ತಿ ಬಾ. ಆ ಜಾಗದಲ್ಲಿ ನಾನು ಕೂರಬೇಕು, ನನ್ನ ಪಕ್ಕದಲ್ಲಿ ನೀನು ಕೂತಿರು.